ಹೊಸತು ಗುಜರಿಗೆ, ಹಳತು ಹಳಿಗೆ

ಸಿಡ್ನಿಯ ಡಾರ್ಲಿಂಗ್ ಹಾರ್ಬರ್‌ಗೆ 1988ರಲ್ಲಿ ಮಾನೊರೈಲ್ ಬಂತು. ಬಂದರಿನ ಹಳೆಯ ಗೂಡ್ಸ್ ಯಾರ್ಡ್ ನಾಲ್ಕು ವರ್ಷ ಮೊದಲೇ ಮುಚ್ಚಿತ್ತು. ಆ ಜಾಗದಲ್ಲಿ ಸಭಾಂಗಣ, ಅಂಗಡಿ, ಉದ್ಯಾನಗಳು ಎದ್ದಿದ್ದವು. ರಸ್ತೆಯ ಗೊಡವೆಯೇ ಇಲ್ಲದೆ ತಲೆಯ ಮೇಲೆ ಓಡುವ ಮಾನೊರೈಲೇ ನಾಳಿನ ಸಾರಿಗೆ ಎಂದು ಜನ ಕತ್ತೆತ್ತಿ ನೋಡಿದರು. ಅಲ್ಲೇ ಪಕ್ಕದಲ್ಲಿ ಕೆಲಸ ಕಳೆದುಕೊಳ್ಳುತ್ತಿದ್ದ ಗೂಡ್ಸ್ ಮಾರ್ಗವೊಂದಿತ್ತು. ಅದನ್ನು ಕೇಳುವವರಿರಲಿಲ್ಲ. 2013ರ ಜೂನ್ 30ರಂದು ಮಾನೊರೈಲ್ ಕೊನೆಯ ಸುತ್ತು ಹಾಕಿತು, ಆಮೇಲೆ ಕಂಬ, ತೊಲೆ ಎಲ್ಲವನ್ನೂ ಕಿತ್ತರು. ಗೂಡ್ಸ್ ಮಾರ್ಗದಲ್ಲಿ ಮಾತ್ರ ಇಂದಿಗೂ ಟ್ರಾಮ್ ಓಡುತ್ತಿದೆ.

ಈ ಮಾರ್ಗ ಹಾಕಿದ್ದು ಜನರಿಗಾಗಿ ಅಲ್ಲ. ಗೋಧಿ, ಉಣ್ಣೆ, ಕಲ್ಲಿದ್ದಲಿನ ರೈಲುಗಳು ಪ್ಯಾಸೆಂಜರ್ ರೈಲುಗಳಿಗೆ ಅಡ್ಡ ಬರದೆ ಬಂದರು ಸೇರಲಿ ಎಂದು ನಗರದ ಪಶ್ಚಿಮಕ್ಕೆ ಬೇರೆಯೇ ದಾರಿ ಮಾಡಿದರು. ಡಲ್ವಿಚ್ ಹಿಲ್ ಕಡೆಯಿಂದ ರೋಝೆಲ್‌ವರೆಗಿನ ಭಾಗ 1916ರಲ್ಲಿ, ಅಲ್ಲಿಂದ ಡಾರ್ಲಿಂಗ್ ಹಾರ್ಬರ್‌ವರೆಗಿನದು 1922ರಲ್ಲಿ ಮುಗಿಯಿತು. ಜೋಡಿ ಹಳಿ, ರಸ್ತೆ ಅಡ್ಡ ಬಂದಲ್ಲೆಲ್ಲ ಸೇತುವೆ, ಪಿರ್ಮಾಂಟ್‌ನಲ್ಲಿ ಮರಳುಗಲ್ಲಿನ ಬಂಡೆ ಕಡಿದು ಮಾಡಿದ ಕಣಿವೆ, ಗ್ಲೀಬ್‌ನಲ್ಲಿ ಸುರಂಗ, ವೆಂಟ್‌ವರ್ತ್ ಪಾರ್ಕ್ ಮೇಲೆ ಇಟ್ಟಿಗೆ ಕಮಾನುಗಳ ಸಾಲು. ಹೊರುವುದು ಮೂಟೆಯಾದರೂ ಕಟ್ಟುವುದರಲ್ಲಿ ಜಿಪುಣತನ ತೋರಲಿಲ್ಲ. ಮುಂದೆ ಸರಕು ಬೇರೆ ದಾರಿ ಹಿಡಿದಾಗ, ನಗರದ ನಡುವೆ ಕಾರು, ಸಿಗ್ನಲ್ಲುಗಳ ಕಾಟವಿಲ್ಲದ ಪಟ್ಟಿಯೊಂದು ತುಂಡಾಗದೆ ಉಳಿಯಿತು.

1997ರಲ್ಲಿ ಅದರ ಒಂದು ತುದಿಗೆ ಟ್ರಾಮ್ ಬಂತು. ಸಿಡ್ನಿ ತನ್ನ ಹಳೆಯ ಟ್ರಾಮ್ ಜಾಲವನ್ನು 1961ರಲ್ಲೇ ಮುಚ್ಚಿತ್ತು. ಅಲ್ಲಿಗೆ 36 ವರ್ಷಗಳ ಬಳಿಕ ಇದು ಮರುಪ್ರವೇಶ. ರೈಲೇ ಏಕೆ ಬೇಡ ಎಂದರೆ, ಗೂಡ್ಸ್ ಮಾರ್ಗ ಬಂದರಿನಲ್ಲೇ ಮುಗಿಯುತ್ತಿತ್ತು. ಜನ ಹೋಗಬೇಕಾದ್ದು ಸೆಂಟ್ರಲ್ ನಿಲ್ದಾಣಕ್ಕೆ. ರೈಲಾದರೆ ಆ ನಡುವಿನ ದೂರಕ್ಕೆ ಸುರಂಗವೋ ಮೇಲ್ಸೇತುವೆಯೋ ಬೇಕು. ಟ್ರಾಮ್‌ಗೆ ಆ ಹಂಗಿಲ್ಲ. ಗೂಡ್ಸ್ ಹಳಿ ಬಿಟ್ಟು ಹೇಮಾರ್ಕೆಟ್‌ನ ಬೀದಿಗಿಳಿದು, ಸಂತೆ-ಅಂಗಡಿಗಳ ನಡುವೆ ನಿಧಾನವಾಗಿ ತಿರುಗಿ, 1906ರಲ್ಲಿ ಟ್ರಾಮ್‌ಗಳಿಗೆಂದೇ ಕಟ್ಟಿದ್ದ ಇಳಿಜಾರನ್ನೇರಿ ಸೆಂಟ್ರಲ್‌ನ ಬಾಗಿಲಲ್ಲೇ ಇಳಿಸುತ್ತದೆ.

ಮಾನೊರೈಲ್ ಸೋತದ್ದು ಇಲ್ಲೇ. ಅದು ಸುಮಾರು ಮೂರೂವರೆ ಕಿಲೋಮೀಟರಿನ ವರ್ತುಲದಲ್ಲಿ ಒಂದೇ ದಿಕ್ಕಿಗೆ ಸುತ್ತುತ್ತಿತ್ತು. ಸೆಂಟ್ರಲ್‌ಗೆ ಹೋಗುತ್ತಿರಲಿಲ್ಲ, ಮನೆಗಳಿರುವ ಕಡೆಗೂ ಹೋಗುತ್ತಿರಲಿಲ್ಲ. ಹತ್ತಲು ಮೆಟ್ಟಿಲೇರಬೇಕು, ಬೇರೆ ಟಿಕೆಟ್ ಕೊಳ್ಳಬೇಕು. ಪ್ರವಾಸಿಗರಿಗೆ ಮೋಜು, ಊರಿನವರಿಗೆ ಉಪಯೋಗವಿಲ್ಲ. ಮಾನೊರೈಲ್, ಟ್ರಾಮ್ ಎರಡೂ ಒಂದೇ ಕಂಪನಿಯ ಕೈಯಲ್ಲಿದ್ದವು. ಆ ಕಂಪನಿಯನ್ನು ನ್ಯೂ ಸೌತ್ ವೇಲ್ಸ್ ಸರ್ಕಾರ 2012ರಲ್ಲಿ 1.98 ಕೋಟಿ ಆಸ್ಟ್ರೇಲಿಯನ್ ಡಾಲರಿಗೆ ಕೊಂಡು, ಒಂದನ್ನು ಕೆಡವಿತು, ಇನ್ನೊಂದನ್ನು ಬೆಳೆಸಿತು.

ಬೆಳೆಸಿದ ಭಾಗ 2014ರ ಮಾರ್ಚ್‌ನಲ್ಲಿ ತೆರೆಯಿತು: ಲಿಲಿಫೀಲ್ಡ್‌ನಿಂದ ಡಲ್ವಿಚ್ ಹಿಲ್‌ವರೆಗೆ 5.6 ಕಿ.ಮೀ., ಒಂಬತ್ತು ಹೊಸ ನಿಲುಗಡೆ. ಈಗ ಇಡೀ ಮಾರ್ಗ 12.8 ಕಿ.ಮೀ., ನಿಲುಗಡೆಗಳು 23. ಗೂಡ್ಸ್ ರೈಲಿಗೆ ಬೆನ್ನು ಮಾಡಿ ಕಟ್ಟಿದ್ದ ಮನೆಗಳಿಗೆ ಈಗ ಹಿತ್ತಲೇ ಹೆಬ್ಬಾಗಿಲು. ಹಳಿಯ ಪಕ್ಕ ಗೋಧಿ ಬೀಸುತ್ತಿದ್ದ ಹಿಟ್ಟಿನ ಗಿರಣಿಗಳು ಅಪಾರ್ಟ್‌ಮೆಂಟ್‌ಗಳಾಗಿವೆ. ಅಂಥ ಒಂದು ಗಿರಣಿಯ ಹೆಸರಲ್ಲೇ ‘ವಾರಟಾ ಮಿಲ್ಸ್’ ಎಂಬ ನಿಲುಗಡೆಯಿದೆ. ಸಮ್ಮರ್ ಹಿಲ್‌ನಲ್ಲಿ ಧಾನ್ಯ ತುಂಬುತ್ತಿದ್ದ ದುಂಡನೆಯ ಕಣಜಗಳಿಗೆ ಕಿಟಕಿ ಕೊರೆದು ಜನ ಸಂಸಾರ ಹೂಡಿದ್ದಾರೆ.

ಎಲ್ಲವೂ ಸಲೀಸಾಗಿರಲಿಲ್ಲ. ಮೂಟೆಗೆ ಅವಸರವಿಲ್ಲ, ಹಾಗಾಗಿ ಮಾರ್ಗ ಊರೆಲ್ಲ ಬಳಸಿ ಸಾಗುತ್ತದೆ. ನೇರ ರೈಲಿದ್ದವರಿಗೆ ಇದು ಸುತ್ತುದಾರಿ. ಮೊದಲ ಹದಿನಾಲ್ಕು ವರ್ಷ ಬಸ್-ರೈಲಿನ ಟಿಕೆಟ್ ಇಲ್ಲಿ ಹೆಚ್ಚುಕಡಿಮೆ ನಡೆಯುತ್ತಲೇ ಇರಲಿಲ್ಲ. 2021ರ ಕೊನೆಗೆ ಟ್ರಾಮ್‌ಗಳಲ್ಲಿ ಬಿರುಕು ಕಂಡು ಸೇವೆಯೇ ನಿಂತಿತು. ಮತ್ತೆ ಶುರುವಾಗಲು ತಿಂಗಳುಗಳೇ ಹಿಡಿದವು. ಆದರೆ ಬಿರುಕು ಬಿಟ್ಟದ್ದು ಗಾಡಿ, ದಾರಿಯಲ್ಲ. ಗಾಡಿಯನ್ನು ರಿಪೇರಿ ಮಾಡಬಹುದು, ಬದಲಿಸಲೂಬಹುದು.

ನಗರದೊಳಗೆ ಹೊಸ ಮಾರ್ಗಕ್ಕೆ ಹೊರಟವರ ಹಣ, ಕಾಲ ಎರಡನ್ನೂ ತಿನ್ನುವುದು ಜಾಗ: ಭೂಸ್ವಾಧೀನ, ಕೋರ್ಟು, ಪರಿಹಾರ. ಬಿಟ್ಟುಹೋದ ರೈಲು ಮಾರ್ಗ ಅದನ್ನು ಪುಕ್ಕಟೆಯಾಗಿ ಕೊಡುತ್ತದೆ, ಆದರೆ ಅದು ಇಡಿಯಾಗಿ ಉಳಿದಿದ್ದರೆ ಮಾತ್ರ. ನಡುವೆ ನಾಲ್ಕು ಸೈಟು ಮಾರಿದರೂ ಉಳಿದದ್ದೆಲ್ಲ ವ್ಯರ್ಥ. ಸಿಡ್ನಿಯ ಆ ಪಟ್ಟಿಗೆ ಹೊಸ ಕೆಲಸ ಸಿಗಲು ವರ್ಷಗಳೇ ಬೇಕಾದವು. ಅಷ್ಟು ದಿನ ಅದನ್ನು ಯಾರೂ ತುಂಡು ಮಾಡಿ ಮಾರಲಿಲ್ಲವೆಂಬುದೇ ಈ ಯೋಜನೆಯ ಅರ್ಧ ಬಂಡವಾಳ.