ಮಕ್ಕಳ ರಕ್ಷಣೆಗೆ ಅಳತೆಗೋಲು ಯಾವುದು?

ಸರ್ಕಾರದ ಮಕ್ಕಳ ರಕ್ಷಣಾ ವ್ಯವಸ್ಥೆಯನ್ನು ಅಳೆಯುವಾಗ ಬಾಲಮಂದಿರಗಳಲ್ಲಿರುವ ಮಕ್ಕಳ ಸಂಖ್ಯೆಯನ್ನೇ ಮುಂದಿಡುವುದುಂಟು. ಈ ಲೆಕ್ಕ ನಮಗೆ ಒಪ್ಪಿಗೆಯಿಲ್ಲ. 2015ರ ಬಾಲನ್ಯಾಯ ಕಾಯ್ದೆಯ ಪ್ರಕಾರ ಮಗುವನ್ನು ಸಂಸ್ಥೆಯಲ್ಲಿರಿಸುವುದು ಕಟ್ಟಕಡೆಯ ಉಪಾಯ. ಪ್ರಯಾಣದ ಸಮಯ ಬಿಟ್ಟು 24 ಗಂಟೆಗಳೊಳಗೆ ಮಗುವನ್ನು ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಹಾಜರುಪಡಿಸಬೇಕು. 15 ದಿನಗಳಲ್ಲಿ ಸಾಮಾಜಿಕ ತನಿಖೆ ಮುಗಿಯಬೇಕು.

1098 ಸಹಾಯವಾಣಿಯಿಂದ ಉಪಕಾರವಾಗಿರುವುದು ನಿಜ. ಆದರೆ ಬಡತನವೊಂದೇ ಕಾರಣವಾಗಿ ಮಗುವು ತಾಯಿಯಿಂದ ಅಗಲಿದರೆ ಅದನ್ನು ರಕ್ಷಣೆಯೆನ್ನಲಾದೀತೆ? ಇಂಥ ಅಗಲಿಕೆಯನ್ನು ತಡೆಯಲೆಂದೇ ಮಿಷನ್ ವಾತ್ಸಲ್ಯದ 2022ರ ಮಾರ್ಗಸೂಚಿಯಲ್ಲಿ ತಿಂಗಳಿಗೆ 4,000 ರೂಪಾಯಿಗಳ ಪ್ರಾಯೋಜಕತ್ವದ ನೆರವನ್ನು ಗೊತ್ತುಪಡಿಸಲಾಯಿತು. ಅದು ವಿಧವೆ ತಾಯಿಯ ಕೈಗೆ ಸಕಾಲದಲ್ಲಿ ಸೇರಿತೆ? ಹಾಗೆಂದು ಹೊಡೆಯುವ ಕೈಯೇ ಇರುವ ಮನೆಗೆ ಮಗುವನ್ನು ಮರಳಿಸುವುದೂ ತರವಲ್ಲ. ಕಡತದಲ್ಲಿ ‘ಪೋಷಕರಿಗೆ ಒಪ್ಪಿಸಲಾಗಿದೆ’ ಎಂದು ಷರಾ ಬರೆದ ಆರು ತಿಂಗಳ ಬಳಿಕ ಆ ಮನೆಯ ಬಾಗಿಲಿಗೆ ಯಾರು ಹೋದರು, ಮಗುವನ್ನು ಪ್ರತ್ಯೇಕವಾಗಿ ಮಾತನಾಡಿಸಿದರೆ ಎಂಬುದನ್ನೇ ನಾವು ಮೊದಲು ಕೇಳುತ್ತೇವೆ.