ಅನುಭವವಿಲ್ಲದವರ ಮೊದಲ ಸ್ವವಿವರ: ಖಾಲಿ ಕಾಲಂ ತುಂಬುವುದು ಹೇಗೆ?

ಪದವಿಯ ಅಂತಿಮ ಪರೀಕ್ಷೆ ಸಮೀಪಿಸುತ್ತಿದ್ದಂತೆ ಕಾಲೇಜುಗಳ ಸೂಚನಾ ಫಲಕಗಳಲ್ಲಿ ಕ್ಯಾಂಪಸ್ ಸಂದರ್ಶನ ಹಾಗೂ ಉದ್ಯೋಗ ಮೇಳಗಳ ಪ್ರಕಟಣೆಗಳು ಕಾಣಿಸಿಕೊಳ್ಳುತ್ತವೆ. ಸ್ವವಿವರದ ಪ್ರತಿಗಳೊಂದಿಗೆ ಹಾಜರಾಗಬೇಕು ಎಂಬ ಸೂಚನೆ ಅವುಗಳಲ್ಲಿ ಸಾಮಾನ್ಯ. ಅದನ್ನು ಓದಿದ ಅನೇಕ ವಿದ್ಯಾರ್ಥಿಗಳು ನೇರವಾಗಿ ಕಾಲೇಜಿನ ಎದುರಿನ ಜೆರಾಕ್ಸ್ ಅಂಗಡಿಗೆ ಹೋಗುತ್ತಾರೆ. ಅಲ್ಲಿನ ಕಂಪ್ಯೂಟರ್‌ನಲ್ಲಿ ಹಿಂದಿನ ವರ್ಷದ ಯಾರದೋ ಸ್ವವಿವರ ಸಿದ್ಧವಾಗಿಯೇ ಇರುತ್ತದೆ. ಹೆಸರು, ವಿಳಾಸ, ಅಂಕಗಳನ್ನು ಬದಲಾಯಿಸಿದರೆ ಹತ್ತು ನಿಮಿಷಗಳಲ್ಲಿ ಕೆಲಸ ಮುಗಿಯುತ್ತದೆ.

ಹೀಗೆ ತಯಾರಾದ ಪುಟದಲ್ಲಿ ‘ಅನುಭವ’ ಎಂಬ ಕಾಲಂನ ಮುಂದೆ ‘ಇಲ್ಲ’ ಎಂದಿರುತ್ತದೆ. ‘ಸಾಮರ್ಥ್ಯ’ ಎಂಬಲ್ಲಿ ‘ಕಠಿಣ ಪರಿಶ್ರಮ, ಪ್ರಾಮಾಣಿಕತೆ, ಬೇಗ ಕಲಿಯುವ ಗುಣ’ ಎಂದಿರುತ್ತದೆ. ಅದೇ ಮೇಳಕ್ಕೆ ಬಂದ ಉಳಿದವರ ಪುಟಗಳಲ್ಲಿಯೂ ಇವೇ ಪದಗಳು ಇರುವುದರಿಂದ, ಆಯ್ಕೆ ಮಾಡುವವರಿಗೆ ಒಬ್ಬ ಅಭ್ಯರ್ಥಿಗೂ ಇನ್ನೊಬ್ಬ ಅಭ್ಯರ್ಥಿಗೂ ವ್ಯತ್ಯಾಸವೇ ತಿಳಿಯುವುದಿಲ್ಲ. ಇದರಿಂದ ಹೆಚ್ಚು ನಷ್ಟವಾಗುವುದು ಮನೆಯಲ್ಲಿ ಮೊದಲ ಬಾರಿಗೆ ಪದವಿ ಓದಿದವರಿಗೆ. ಓದಿನ ಜೊತೆಗೇ ಮನೆಯ ದುಡಿಮೆಯಲ್ಲಿ ಪಾಲು ಹೊತ್ತಿದ್ದರೂ ಅದನ್ನು ‘ಅನುಭವ’ ಎಂದು ಹೇಳಿಕೊಳ್ಳಬಹುದು ಎಂದು ಅವರಿಗೆ ತಿಳಿಸಿದವರು ಯಾರೂ ಇರುವುದಿಲ್ಲ.

ಬಯೋಡೇಟಾ ಬೇರೆ, ರೆಸ್ಯೂಮೆ ಬೇರೆ

ನಮ್ಮಲ್ಲಿ ಬಯೋಡೇಟಾ, ರೆಸ್ಯೂಮೆ, ಸಿ.ವಿ. ಎಂಬ ಮೂರೂ ಪದಗಳು ಒಂದೇ ಅರ್ಥದಲ್ಲಿ ಬಳಕೆಯಾಗುತ್ತಿವೆ. ರೆಸ್ಯೂಮೆ ಎಂಬುದು ಫ್ರೆಂಚ್ ಮೂಲದ ಪದ. ‘ಸಾರಾಂಶ’ ಎಂದು ಅದರ ಅರ್ಥ. ಸಿ.ವಿ. ಎಂಬುದು ‘ಬದುಕು ಸಾಗಿಬಂದ ಹಾದಿ’ ಎಂಬರ್ಥದ ಲ್ಯಾಟಿನ್ ಪದಗಳ ಸಂಕ್ಷಿಪ್ತ ರೂಪ. ಅಧ್ಯಾಪನ, ಸಂಶೋಧನೆಯಂತಹ ಕ್ಷೇತ್ರಗಳಲ್ಲಿ ಇದು ಹಲವು ಪುಟಗಳಷ್ಟು ಇರುವುದುಂಟು. ಬಯೋಡೇಟಾ ಎಂದರೆ ವೈಯಕ್ತಿಕ ಮಾಹಿತಿಯ ಪಟ್ಟಿ. ಮದುವೆಯ ಮಾತುಕತೆಗೆ ಕೊಡುವ ಹಾಳೆಗೂ ನಮ್ಮಲ್ಲಿ ಇದೇ ಹೆಸರಿರುವುದರಿಂದ ತಂದೆಯ ಹೆಸರು, ಧರ್ಮ, ಜಾತಿ, ವೈವಾಹಿಕ ಸ್ಥಿತಿ ಮೊದಲಾದವು ಉದ್ಯೋಗದ ಹಾಳೆಯೊಳಗೂ ಸೇರಿಕೊಂಡಿವೆ.

ಖಾಸಗಿ ಸಂಸ್ಥೆಗೆ ಕೊಡುವ ರೆಸ್ಯೂಮೆಯಲ್ಲಿ ಈ ವಿವರಗಳಿಗೆ ಸ್ಥಾನವಿಲ್ಲ. ‘ನಾವು ಕೊಡುವ ಕೆಲಸವನ್ನು ಈ ವ್ಯಕ್ತಿ ಮಾಡಬಲ್ಲರೇ?’ ಎಂಬ ಒಂದೇ ಪ್ರಶ್ನೆಗೆ ಅದು ಉತ್ತರಿಸಬೇಕು. ಸರ್ಕಾರಿ ನೇಮಕಾತಿಗಳ ಮಾತು ಬೇರೆ. ಅಲ್ಲಿ ನಿಗದಿತ ಅರ್ಜಿ ನಮೂನೆಯೇ ಇರುವುದರಿಂದ ಅದರಲ್ಲಿ ಕೇಳಿದ ಎಲ್ಲ ವಿವರಗಳನ್ನೂ ಭರ್ತಿ ಮಾಡಬೇಕಾಗುತ್ತದೆ.

ಅನುಭವ ಎಂದರೆ ಸಂಬಳ ಮಾತ್ರವಲ್ಲ

ಒಂದು ಉದಾಹರಣೆಯನ್ನು ಕಲ್ಪಿಸಿಕೊಳ್ಳೋಣ. ಹಾವೇರಿ ಜಿಲ್ಲೆಯ ಹಳ್ಳಿಯೊಂದರ ಬಿ.ಕಾಂ. ಅಂತಿಮ ವರ್ಷದ ವಿದ್ಯಾರ್ಥಿನಿ. ತಂದೆಯದು ಊರಿನಲ್ಲಿ ಕಿರಾಣಿ ಅಂಗಡಿ. ಕಾಲೇಜಿನಿಂದ ಬಂದ ಮೇಲೆ ಉದ್ರಿ ಲೆಕ್ಕದ ಪುಸ್ತಕ ಬರೆಯುವವಳು ಆಕೆಯೇ. ರಜೆಯಲ್ಲಿ ಹಾಲು ಉತ್ಪಾದಕರ ಸಹಕಾರ ಸಂಘದಲ್ಲಿ ಬೆಳಗ್ಗೆ ಹಾಲಿನ ಅಳತೆ, ಕೊಬ್ಬಿನಾಂಶ ನಮೂದಿಸಲು ನೆರವಾಗಿದ್ದಾಳೆ. ಪಕ್ಕದ ಮನೆಯ ಇಬ್ಬರು ಮಕ್ಕಳಿಗೆ ಗಣಿತದ ಮನೆಪಾಠ ಹೇಳಿದ್ದಾಳೆ. ಆದರೂ ಆಕೆಯ ಸ್ವವಿವರದಲ್ಲಿ ‘ಅನುಭವ: ಇಲ್ಲ’ ಎಂದೇ ಇರುತ್ತದೆ.

ಲೆಕ್ಕಪತ್ರ ಸಹಾಯಕಿಯ ಹುದ್ದೆಗೆ ಅರ್ಜಿ ಸಲ್ಲಿಸುವಾಗ ಈ ವಿದ್ಯಾರ್ಥಿನಿಗೆ ಇರುವ ದೊಡ್ಡ ಬಲವೇ ಆ ಉದ್ರಿ ಪುಸ್ತಕ. ‘ತಂದೆಗೆ ಅಂಗಡಿಯಲ್ಲಿ ಸಹಾಯ ಮಾಡಿದ್ದೇನೆ’ ಎಂದು ಬರೆದರೆ ಅದರಿಂದ ಏನೂ ತಿಳಿಯುವುದಿಲ್ಲ. ‘ಕುಟುಂಬದ ಕಿರಾಣಿ ಅಂಗಡಿಯಲ್ಲಿ 2 ವರ್ಷಗಳಿಂದ ಸುಮಾರು 40 ಗ್ರಾಹಕರ ಉದ್ರಿ ಲೆಕ್ಕ ನಿರ್ವಹಣೆ, ಪ್ರತಿ ತಿಂಗಳ ಕೊನೆಗೆ ಬಾಕಿ ತಾಳೆ ನೋಡಿ ಪಟ್ಟಿ ತಯಾರಿಕೆ’ ಎಂದು ಬರೆದರೆ ಕೆಲಸದ ಸ್ವರೂಪ, ಅವಧಿ, ಪ್ರಮಾಣ ಮೂರೂ ಸ್ಪಷ್ಟವಾಗುತ್ತವೆ. ಮನೆಪಾಠವನ್ನೂ ಹೀಗೆಯೇ ಎಷ್ಟು ಮಕ್ಕಳು, ಯಾವ ತರಗತಿ, ಯಾವ ವಿಷಯ, ಎಷ್ಟು ತಿಂಗಳು ಎಂದು ಬಿಡಿಸಿ ಬರೆಯಬೇಕು. ಏನು ಮಾಡಿದೆ, ಎಷ್ಟು ಮಾಡಿದೆ, ಅದರಿಂದ ಏನಾಯಿತು ಎಂಬ ಮೂರು ಪ್ರಶ್ನೆಗಳಿಗೆ ಉತ್ತರ ಬರೆದರೆ ಒಂದು ಒಳ್ಳೆಯ ಸಾಲು ಸಿದ್ಧವಾಗುತ್ತದೆ. ಸ್ವವಿವರವನ್ನು ಇಂಗ್ಲಿಷಿನಲ್ಲಿ ಬರೆಯುವಾಗಲೂ ಇದೇ ಕ್ರಮ ಅನ್ವಯಿಸುತ್ತದೆ. ವಾಕ್ಯಗಳು ಚಿಕ್ಕದಾಗಿದ್ದಷ್ಟೂ ತಪ್ಪುಗಳು ಕಡಿಮೆ.

ಶಿಬಿರ, ಪಥಸಂಚಲನಗಳ ಲೆಕ್ಕ

ರಾಷ್ಟ್ರೀಯ ಸೇವಾ ಯೋಜನೆ ಅಂದರೆ ಎನ್.ಎಸ್.ಎಸ್. 1969ರಲ್ಲಿ ಆರಂಭವಾಯಿತು. ಇದರ ಸ್ವಯಂಸೇವಕರು ವರ್ಷಕ್ಕೆ 120 ಗಂಟೆಗಳಂತೆ ಎರಡು ವರ್ಷಗಳಲ್ಲಿ 240 ಗಂಟೆಗಳ ಸೇವೆ ಸಲ್ಲಿಸಿ, 7 ದಿನಗಳ ವಿಶೇಷ ಶಿಬಿರದಲ್ಲಿ ಪಾಲ್ಗೊಳ್ಳಬೇಕು. ಇಷ್ಟೆಲ್ಲ ಮಾಡಿದವರು ‘ಎನ್.ಎಸ್.ಎಸ್. ಸದಸ್ಯ’ ಎಂದು ಎರಡು ಪದ ಬರೆದು ಸುಮ್ಮನಾಗುತ್ತಾರೆ. ಶಿಬಿರದಲ್ಲಿ ಮನೆ ಮನೆ ಸಮೀಕ್ಷೆ ನಡೆಸಿದ್ದರೆ ಎಷ್ಟು ಮನೆಗಳ ಮಾಹಿತಿ ಸಂಗ್ರಹಿಸಿದಿರಿ, ಅಡುಗೆಯ ಹೊಣೆ ಹೊತ್ತಿದ್ದರೆ ದಿನಕ್ಕೆ ಎಷ್ಟು ಜನರಿಗೆ ಊಟದ ವ್ಯವಸ್ಥೆ ಮಾಡಿದಿರಿ ಎಂಬುದನ್ನು ನಮೂದಿಸಬೇಕು.

ಎನ್.ಸಿ.ಸಿ. ಕೆಡೆಟ್‌ಗಳು ‘ಬಿ’ ಅಥವಾ ‘ಸಿ’ ಪ್ರಮಾಣಪತ್ರ, ಅದರ ಶ್ರೇಣಿ, ವರ್ಷ ಹಾಗೂ ಭಾಗವಹಿಸಿದ ಶಿಬಿರಗಳನ್ನು ಬರೆಯಬಹುದು. ಕಾಲೇಜು ಹಬ್ಬದ ಹಣಕಾಸು, ವಿದ್ಯಾರ್ಥಿ ನಿಲಯದ ಊಟದ ಖರ್ಚಿನ ಲೆಕ್ಕ, ವಾರ್ಷಿಕ ಸಂಚಿಕೆಯ ಕರಡು ತಿದ್ದುವಿಕೆ ಇವೆಲ್ಲವೂ ಜವಾಬ್ದಾರಿಯ ಕೆಲಸಗಳೇ. ಪ್ರಾಜೆಕ್ಟ್ ಮಾಡಿದವರು ಶೀರ್ಷಿಕೆಯನ್ನಷ್ಟೇ ಕೊಡದೆ ತಂಡದಲ್ಲಿ ತಾವು ಮಾಡಿದ ಭಾಗ ಯಾವುದು ಎಂಬುದನ್ನು ತಿಳಿಸಬೇಕು.

ಒಂದೇ ಪುಟ, ಸರಳ ಕ್ರಮ

ಮೊದಲ ಸ್ವವಿವರ ಎ4 ಅಳತೆಯ ಒಂದೇ ಪುಟದಲ್ಲಿ ಮುಗಿಯಬೇಕು. ಮೇಲ್ಭಾಗದಲ್ಲಿ ಹೆಸರು, ಊರು, ದೂರವಾಣಿ ಸಂಖ್ಯೆ, ಇ-ಮೇಲ್ ವಿಳಾಸ ಇರಲಿ. ಇ-ಮೇಲ್ ವಿಳಾಸದಲ್ಲಿ ಚಿತ್ರನಟರ ಬಿರುದು, ಗೆಳೆಯರು ಇಟ್ಟ ಅಡ್ಡಹೆಸರು ಬೇಡ. ಸ್ವಂತ ಹೆಸರಿನಲ್ಲಿ ಹೊಸದೊಂದನ್ನು ತೆರೆಯುವುದು ಕಷ್ಟವೇನಲ್ಲ.

ಅದರ ಕೆಳಗೆ ‘ಗುರಿ’ ಎಂಬ ಹೆಸರಿನಲ್ಲಿ ಬರುವ ಸವಕಲು ವಾಕ್ಯದ ಬದಲು ಎರಡು ಸಾಲಿನ ಪರಿಚಯವಿರಲಿ: ಏನು ಓದುತ್ತಿದ್ದೀರಿ, ಯಾವ ಕೆಲಸ ಬಲ್ಲಿರಿ, ಯಾವ ಹುದ್ದೆ ಬಯಸುತ್ತೀರಿ. ಆನಂತರ ವಿದ್ಯಾಭ್ಯಾಸ. ಇಲ್ಲಿ ಇತ್ತೀಚಿನದು ಮೊದಲು, ಎಸ್ಸೆಸ್ಸೆಲ್ಸಿ ಕೊನೆಗೆ ಬರಬೇಕು. ಫಲಿತಾಂಶ ಬಾರದಿದ್ದರೆ ‘ಅಂತಿಮ ಸೆಮಿಸ್ಟರ್ ಫಲಿತಾಂಶ ನಿರೀಕ್ಷೆಯಲ್ಲಿದೆ’ ಎಂದು ಬರೆಯಬಹುದು. ಅನಂತರ ಕೆಲಸ ಮತ್ತು ಜವಾಬ್ದಾರಿಗಳು, ಪ್ರಾಜೆಕ್ಟ್, ಕೌಶಲಗಳು, ಭಾಷೆಗಳು ಈ ಕ್ರಮದಲ್ಲಿ ಬರಲಿ. ಅನುಭವದ ಕಾಲಂಗೆ ‘ಕೆಲಸ ಮತ್ತು ಜವಾಬ್ದಾರಿಗಳು’ ಎಂದು ಹೆಸರಿಟ್ಟರೆ ‘ಇಲ್ಲ’ ಎಂದು ಬರೆಯುವ ಪ್ರಮೇಯವೇ ಬರುವುದಿಲ್ಲ.

ಕೌಶಲಗಳಲ್ಲಿ ‘ಕಂಪ್ಯೂಟರ್ ಜ್ಞಾನ’ ಎಂದಷ್ಟೇ ಬರೆಯುವುದು ವ್ಯರ್ಥ. ಎಕ್ಸೆಲ್‌ನಲ್ಲಿ ಮೊತ್ತ, ವಿಂಗಡಣೆ, ಸೂತ್ರಗಳ ಬಳಕೆ ಬರುತ್ತದೆಯೇ, ಟ್ಯಾಲಿಯಲ್ಲಿ ವೋಚರ್ ನಮೂದಿಸಬಲ್ಲಿರೇ ಎಂಬುದನ್ನು ಹೇಳಬೇಕು. ಕನ್ನಡದಲ್ಲಿ ನುಡಿ ಅಥವಾ ಯೂನಿಕೋಡ್ ಮೂಲಕ ಬೆರಳಚ್ಚು ಬಲ್ಲವರು ಅದನ್ನು ತಪ್ಪದೆ ನಮೂದಿಸಬೇಕು. ಬ್ಯಾಂಕ್, ವಿಮೆ, ಗ್ರಾಹಕ ಸೇವಾ ಕೇಂದ್ರಗಳಲ್ಲಿ ಜನರೊಂದಿಗೆ ಕನ್ನಡದಲ್ಲಿ ವ್ಯವಹರಿಸಬಲ್ಲವರು ಬೇಕಾಗುತ್ತಾರೆ. ಕನ್ನಡ ಮಾಧ್ಯಮದಲ್ಲಿ ಓದಿದೆನೆಂದು ಸಂಕೋಚಪಡುವವರು ಇದನ್ನು ಮರೆಯಬಾರದು. ಇಂಗ್ಲಿಷ್ ಓದಲು ಬರೆಯಲು ಬರುತ್ತದೆ, ಮಾತು ಅಭ್ಯಾಸದಲ್ಲಿದೆ ಎಂದರೆ ಹಾಗೆಯೇ ಬರೆಯಬಹುದು. ‘ನಿರರ್ಗಳ’ ಎಂದು ಬರೆದರೆ ಸಂದರ್ಶನದ ಮೊದಲ ನಿಮಿಷದಲ್ಲೇ ನಿಜ ಗೊತ್ತಾಗುತ್ತದೆ.

ಎರಡು ನಿಮಿಷದ ಪರೀಕ್ಷೆ

ಖಾಲಿ ಜಾಗ ತುಂಬಲು ಸುಳ್ಳಿನ ಮೊರೆ ಹೋಗುವುದು ಅಪಾಯಕಾರಿ. ಗೆಳೆಯನ ಪ್ರಾಜೆಕ್ಟ್, ಪರಿಚಯದವರ ಕಚೇರಿಯಿಂದ ಬರೆಸಿಕೊಂಡ ಅನುಭವ ಪತ್ರ, ಹೆಚ್ಚಿಸಿ ಬರೆದ ಅಂಕ ಇವು ಸಂದರ್ಶನದಲ್ಲಿ ದಾಟಿಹೋದರೂ ಮುಂದೆ ಸಿಕ್ಕಿಬೀಳುತ್ತವೆ. ನೇಮಕಾತಿಯ ನಂತರ ಹಿನ್ನೆಲೆ ಪರಿಶೀಲನೆ ನಡೆಸುವ ಸಂಸ್ಥೆಗಳು ಅನೇಕ. 2015ರಲ್ಲಿ ಜಾರಿಗೆ ಬಂದ ಡಿಜಿಲಾಕರ್‌ನಂತಹ ವ್ಯವಸ್ಥೆಗಳಿಂದ ಅಂಕಪಟ್ಟಿಗಳ ತಾಳೆಯೂ ಸುಲಭವಾಗಿದೆ. ಕೆಲಸಕ್ಕೆ ಸೇರಿದ ಮೇಲೆ ಸುಳ್ಳು ಬಯಲಾದರೆ ಕೆಲಸವೂ ಹೋಗುತ್ತದೆ, ಹೆಸರೂ ಕೆಡುತ್ತದೆ.

ಇದನ್ನು ತಪ್ಪಿಸಲು ಒಂದು ಸುಲಭ ಉಪಾಯವಿದೆ. ಸ್ವವಿವರದ ಪ್ರತಿ ಸಾಲಿನ ಮೇಲೂ ಬೆರಳಿಟ್ಟು ‘ಇದರ ಬಗ್ಗೆ ಎರಡು ನಿಮಿಷ ಮಾತನಾಡಬಲ್ಲೆನೇ?’ ಎಂದು ತಮ್ಮನ್ನೇ ಕೇಳಿಕೊಳ್ಳಬೇಕು. ಉತ್ತರ ‘ಇಲ್ಲ’ ಎಂದಾದರೆ ಆ ಸಾಲನ್ನು ತೆಗೆಯಬೇಕು. ಕೃತಕ ಬುದ್ಧಿಮತ್ತೆಯ ತಂತ್ರಾಂಶಗಳಿಂದ ಸ್ವವಿವರ ಬರೆಸುವವರಿಗೂ ಇದೇ ಮಾತು ಅನ್ವಯಿಸುತ್ತದೆ. ತಾವು ಬರೆದ ವಾಕ್ಯಗಳ ವ್ಯಾಕರಣ ತಿದ್ದಿಸಿಕೊಳ್ಳಲು ಅವು ಉಪಯುಕ್ತ. ಪೂರ್ತಿ ಬರೆಯಲು ಬಿಟ್ಟರೆ ಜೆರಾಕ್ಸ್ ಅಂಗಡಿಯ ಹಳೆಯ ನಮೂನೆಯೇ ಹೊಸ ಭಾಷೆಯಲ್ಲಿ ಮರಳಿ ಬರುತ್ತದೆ.

ಕಳುಹಿಸುವ ಮುನ್ನ

ದೊಡ್ಡ ಸಂಸ್ಥೆಗಳಲ್ಲಿ ಅರ್ಜಿಗಳನ್ನು ಮೊದಲು ತಂತ್ರಾಂಶದಿಂದಲೇ ವಿಂಗಡಿಸುವ ಪದ್ಧತಿಯಿದೆ. ಚಿತ್ತಾರದ ಅಂಚು, ಕೋಷ್ಟಕಗಳು, ಅಕ್ಕಪಕ್ಕದ ಎರಡು ಅಂಕಣಗಳು ಇದ್ದಲ್ಲಿ ಅವು ಸಾಲುಗಳನ್ನು ತಪ್ಪಾಗಿ ಓದುವ ಸಂಭವವಿರುತ್ತದೆ. ಆದುದರಿಂದ ಸರಳ ವಿನ್ಯಾಸವೇ ಲೇಸು. ಮೊಬೈಲ್‌ನಲ್ಲಿ ತೆಗೆದ ಫೋಟೊ ಕಳುಹಿಸದೆ ಪಿ.ಡಿ.ಎಫ್. ಕಡತವನ್ನು ಸ್ವಂತ ಹೆಸರಿನಲ್ಲಿ ಉಳಿಸಿ ಕಳುಹಿಸಬೇಕು. ಜಾಹೀರಾತಿನಲ್ಲಿ ಕೇಳಿರುವ ಅರ್ಹತೆಗಳಲ್ಲಿ ತಮ್ಮಲ್ಲಿ ನಿಜವಾಗಿ ಇರುವುದನ್ನು ಅದೇ ಪದಗಳಲ್ಲಿ ನಮೂದಿಸುವುದು ಒಳಿತು.

ಆಧಾರ್ ಸಂಖ್ಯೆ, ಬ್ಯಾಂಕ್ ಖಾತೆಯ ವಿವರಗಳನ್ನು ಸ್ವವಿವರದಲ್ಲಿ ಎಂದಿಗೂ ಬರೆಯಬಾರದು. ಜಾಲತಾಣಗಳಲ್ಲಿ ಸೇರಿಸಿದ ಸ್ವವಿವರ ಯಾರ ಕೈಗೆ ಹೋಗುವುದೋ ಹೇಳಲಾಗದು. ನೋಂದಣಿ ಶುಲ್ಕ, ತರಬೇತಿ ಠೇವಣಿ ಎಂದು ಮುಂಗಡ ಹಣ ಕೇಳುವ ಕರೆಗಳನ್ನು ಅನುಮಾನದಿಂದಲೇ ನೋಡಬೇಕು. ಹಣ ಕಳೆದುಕೊಂಡವರು ತಡಮಾಡದೆ 1930 ಸಹಾಯವಾಣಿಗೆ ದೂರು ನೀಡಬೇಕು.

ಬರೆಯಲು ನಿಜಕ್ಕೂ ಏನೂ ಇಲ್ಲವೆನಿಸಿದರೆ ಇನ್ನೂ ಕಾಲ ಮಿಂಚಿಲ್ಲ. 2017ರಲ್ಲಿ ಆರಂಭವಾದ ಕೇಂದ್ರ ಸರ್ಕಾರದ ‘ಸ್ವಯಂ’ ಜಾಲತಾಣದಲ್ಲಿ ಉಚಿತವಾಗಿ ಪಾಠಗಳನ್ನು ಕಲಿಯಬಹುದು. ಪ್ರಮಾಣಪತ್ರ ಬೇಕಾದವರು ಮಾತ್ರ ಶುಲ್ಕ ಕಟ್ಟಿ ಪರೀಕ್ಷೆ ಬರೆಯಬೇಕು. 1961ರ ಅಪ್ರೆಂಟಿಸ್ ಕಾಯ್ದೆಯಡಿ ಪದವೀಧರರು ಹಾಗೂ ಡಿಪ್ಲೊಮಾ ಪಡೆದವರು ಮಾಸಿಕ ಭತ್ಯೆಯೊಂದಿಗೆ ತರಬೇತಿ ಪಡೆಯುವ ಅವಕಾಶವೂ ಇದೆ. ಆದರೆ ಹೊಸ ಪ್ರಮಾಣಪತ್ರ ಹುಡುಕುವ ಮೊದಲು ಕಳೆದ ಮೂರು ವರ್ಷಗಳಲ್ಲಿ ಮನೆ, ಹೊಲ, ಅಂಗಡಿ, ಕಾಲೇಜುಗಳಲ್ಲಿ ಮಾಡಿದ ಕೆಲಸಗಳನ್ನೆಲ್ಲ ಒಂದು ಹಾಳೆಯಲ್ಲಿ ಪಟ್ಟಿ ಮಾಡಿ ನೋಡುವುದು ಒಳ್ಳೆಯದು. ಮನೆಯವರನ್ನೂ ಒಮ್ಮೆ ಕೇಳಬೇಕು. ಮಕ್ಕಳು ಮರೆತದ್ದನ್ನು ಅಪ್ಪ ಅಮ್ಮಂದಿರು ನೆನಪಿಟ್ಟುಕೊಂಡಿರುತ್ತಾರೆ. ಜೆರಾಕ್ಸ್ ಅಂಗಡಿಗೆ ಆ ಪಟ್ಟಿಯೊಂದಿಗೆ ಹೋದರೆ ಸಾಕು, ಅಲ್ಲಿನ ಹಳೆಯ ನಮೂನೆಯ ಅಗತ್ಯ ಬೀಳುವುದಿಲ್ಲ.