ಮಗಳು ಕೇಳಿದ ಪಾಲು

ಬ್ಯಾಂಕಿನ ಉದ್ಯೋಗಿಯ ಬಾಳು ವರ್ಗಾವಣೆಯ ಆದೇಶಗಳ ನಡುವೆ ಹಂಚಿಹೋಗುವಂಥದು. ಸಾಮಾನು ಕಟ್ಟುವುದು, ಬಿಚ್ಚುವುದು, ಮಕ್ಕಳಿಗೆ ಶಾಲೆ ಹುಡುಕುವುದು, ಇವುಗಳಲ್ಲೇ ವರ್ಷಗಳು ಸರಿದುಹೋಗುತ್ತವೆ. ಆದರೂ ನನ್ನ ಮಗಳ ಶೈಶವದ ದಿನಗಳು ಮನಸ್ಸಿನಲ್ಲಿ ಇಂದಿಗೂ ಹಸಿರಾಗಿವೆ. ಆ ಸಿಹಿನೆನಪುಗಳಲ್ಲಿ ನನ್ನದೊಂದು ತಪ್ಪಿನ ನೆನಪೂ ಬೆರೆತಿದೆ. ಹೊರನಾಡಿನಲ್ಲಿ ಮಕ್ಕಳನ್ನು ಬೆಳೆಸುತ್ತಿರುವ ಕನ್ನಡ ಬಾಂಧವರಿಗೆ ಉಪಯೋಗವಾದೀತೆಂದು ಅದನ್ನು ಇಲ್ಲಿ ನಿವೇದಿಸಿಕೊಳ್ಳುತ್ತಿದ್ದೇನೆ.

2013ರಲ್ಲಿ ನಾವು ವಿಶಾಖಪಟ್ಟಣಕ್ಕೆ ಬಂದಾಗ ಮಗಳಿಗೆ ಆಗಷ್ಟೇ ಒಂದು ವರ್ಷ ತುಂಬಿತ್ತು. ಸಂಜೆ ರಾಮಕೃಷ್ಣ ಬೀಚಿಗೆ ಕರೆದೊಯ್ದರೆ, ಅಲ್ಲಿ ವಸ್ತುಸಂಗ್ರಹಾಲಯವಾಗಿ ನಿಂತಿರುವ 'ಕುರ್ಸುರಾ' ಜಲಾಂತರ್ಗಾಮಿಯನ್ನು ದೊಡ್ಡ ಮೀನೆಂದು ಭಾವಿಸಿ ಕೈಬೀಸುತ್ತಿದ್ದಳು. ನಗು, ಆಟ, ಹಟ ಯಾವುದಕ್ಕೂ ಕೊರತೆಯಿರಲಿಲ್ಲ. ಮಾತು ಮಾತ್ರ ಬರಲಿಲ್ಲ. ಎರಡು ವರ್ಷ ತುಂಬಿದಾಗ 'ಅಮ್ಮ', 'ಅಜ್ಜಿ' ಮತ್ತು ನೆರೆಮನೆಯ ತೆಲುಗು ಮಕ್ಕಳಿಂದ ಕಲಿತ 'ನಾನ್ನ', ಹೀಗೆ ನಾಲ್ಕಾರು ಪದಗಳಷ್ಟೇ ಅವಳ ಸಂಪತ್ತಾಗಿದ್ದವು. ತೆಲುಗಿನಲ್ಲಿ ನಾನ್ನ ಎಂದರೆ ತಂದೆ.

2014ರ ಅಕ್ಟೋಬರ್ 12ರ ಭಾನುವಾರ ಹುಡ್‌ಹುಡ್ ಚಂಡಮಾರುತವು ವಿಶಾಖಪಟ್ಟಣಕ್ಕೆ ಅಪ್ಪಳಿಸಿತು. ಕಿಟಕಿಯ ಗಾಜುಗಳು ಒಡೆದವು, ಮರಗಳು ಬುಡಸಹಿತ ಉರುಳಿದವು. ಆ ಭೀಕರ ಆರ್ಭಟದ ನಡುವೆಯೂ ಮಗಳು ಅಜ್ಜಿಯ ಮಡಿಲಲ್ಲಿ ಸುಖವಾಗಿ ನಿದ್ರಿಸುತ್ತಿದ್ದಳು. 'ಎಂಥ ಧೈರ್ಯವಂತೆ!' ಎಂದು ಹಿಗ್ಗಿದೆ. ಅದು ಬರಿಯ ನಿದ್ರೆಯೋ, ಬೇರೇನೋ ಎಂಬ ಸಂದೇಹ ನನಗೆ ಅಂದು ಮೂಡಲಿಲ್ಲ.

ಮರುವರ್ಷದ ಆರಂಭದಲ್ಲಿ ಮಗುವನ್ನು ಒಂದು ಶಿಶುವಿಹಾರಕ್ಕೆ ಸೇರಿಸಿದೆವು. "ಮನೆಯಲ್ಲಿ ಕನ್ನಡ, ಹೊರಗೆ ತೆಲುಗು, ಇಲ್ಲಿ ಇಂಗ್ಲಿಷ್. ಮಗು ಗೊಂದಲಕ್ಕೆ ಬಿದ್ದಿದೆ. ಕನ್ನಡವನ್ನು ಬಿಟ್ಟುಬಿಡಿ" ಎಂದು ಅಲ್ಲಿನ ಶಿಕ್ಷಕಿ ಸಲಹೆಯಿತ್ತರು. ಯಾರನ್ನೂ ವಿಚಾರಿಸದೆ ನಾವು ಅದನ್ನು ಒಪ್ಪಿದೆವು. ನಾನೂ ನನ್ನ ಪತ್ನಿಯೂ ಮಗುವಿನೊಡನೆ ಇಂಗ್ಲಿಷಿನಲ್ಲೇ ಮಾತನಾಡತೊಡಗಿದೆವು. ಕನ್ನಡವಲ್ಲದೆ ಬೇರೆ ಭಾಷೆಯನ್ನರಿಯದ ನಮ್ಮ ತಾಯಿಯವರು ಮೊಮ್ಮಗಳ ಮುಂದೆ ಮೌನ ತಾಳಿದರು. ತುತ್ತು ಉಣಿಸುವಾಗ ಹಾಡಿಲ್ಲ, ಮಲಗಿಸುವಾಗ ಕಥೆಯಿಲ್ಲ. "ನನ್ನ ಮಾತಿನಿಂದ ಮಗುವಿಗೆ ಕೆಡುಕಾಗುವುದಾದರೆ ನಾನು ಆಡುವುದಿಲ್ಲಪ್ಪ" ಎಂದರು. ಮೂರು ತಿಂಗಳು ಹೀಗೆಯೇ ಕಳೆಯಿತು. ಮಗುವಿನ ಮಾತು ಒಂದಿಷ್ಟೂ ಹೆಚ್ಚಲಿಲ್ಲ.

ಬೇಸಿಗೆಯಲ್ಲಿ ಮೈಸೂರಿನ ಅತ್ತೆಯ ಮನೆಗೆ ಹೋದಾಗ, ಹಿಂದಿನಿಂದ ಕರೆದರೆ ಮಗು ತಿರುಗಿ ನೋಡದಿರುವುದನ್ನು ನಮ್ಮ ಮಾವನವರು ಗಮನಿಸಿದರು. ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಗೆ ಕರೆದೊಯ್ದೆವು. ಪರೀಕ್ಷೆಯಲ್ಲಿ ಎರಡೂ ಕಿವಿಗಳ ತಮಟೆಯ ಹಿಂದೆ ದ್ರವ ತುಂಬಿರುವುದು ತಿಳಿದುಬಂದಿತು. ಮೂಗಿನ ಹಿಂಭಾಗದಿಂದ ಮಧ್ಯಕಿವಿಗೆ ಹೋಗುವ ನಾಳವು ಎಳೆಯರಲ್ಲಿ ಕಿರಿದಾಗಿ, ಹೆಚ್ಚು ಅಡ್ಡಲಾಗಿ ಇರುತ್ತದೆ. ನೆಗಡಿ ಮರುಕಳಿಸಿದಾಗ ಅದು ಕಟ್ಟಿಕೊಂಡು ದ್ರವ ನಿಲ್ಲುತ್ತದೆ. ನೋವಾಗಲಿ ಜ್ವರವಾಗಲಿ ಇರಬೇಕೆಂದಿಲ್ಲ. ನೀರಿನಲ್ಲಿ ಮುಳುಗಿದವರಿಗೆ ದಡದ ಮಾತು ಕೇಳಿಸುವಂತೆ ಮಗುವಿಗೆ ಎಲ್ಲವೂ ಮಂಕಾಗಿ ಕೇಳಿಸುತ್ತದೆ. ಬಹುತೇಕ ಮಕ್ಕಳಲ್ಲಿ ಸುಮಾರು ಮೂರು ತಿಂಗಳಲ್ಲಿ ತಾನಾಗಿಯೇ ಇಳಿಯುತ್ತದೆ. ಇಳಿಯದಿದ್ದರೆ ತಮಟೆಯಲ್ಲಿ ಪುಟ್ಟ ಕೊಳವೆಯನ್ನಿಡುವ ಚಿಕಿತ್ಸೆಯುಂಟು.

ಭಾಷೆಯ ವಿಚಾರ ಕೇಳಿದಾಗ ದೊರೆತ ಉತ್ತರ ನಮ್ಮ ಕಣ್ತೆರೆಸಿತು. ಎರಡು ಭಾಷೆ ಕೇಳಿ ಬೆಳೆಯುವುದರಿಂದ ಮಾತು ತಡವಾಗುವುದಿಲ್ಲ. ಅಂಥ ಮಗುವಿನ ಪದಗಳನ್ನು ಎಣಿಸುವಾಗ ಎರಡೂ ಭಾಷೆಗಳವನ್ನು ಕೂಡಿಸಬೇಕು. ನಮ್ಮ ವೃತ್ತಿಯ ಮಾತಿನಲ್ಲಿ ಹೇಳುವುದಾದರೆ, ಎರಡು ಖಾತೆಯುಳ್ಳವನ ಒಂದೇ ಖಾತೆ ನೋಡಿ ಬಡವನೆಂದು ತೀರ್ಮಾನಿಸಬಾರದು!

ಊರಿಗೆ ಮರಳಿದೊಡನೆ ತಾಯಿಯವರ ಬಳಿ ಕ್ಷಮೆ ಬೇಡಿದೆ. ಮಗುವಿಗೆ ಮುಖ ಕಾಣುವಂತೆ ಎದುರಿಗೆ ಕುಳಿತು ಅವರು ಮತ್ತೆ ಕಥೆ ಆರಂಭಿಸಿದರು. ಆಗಸ್ಟ್‌ನ ಮರುಪರೀಕ್ಷೆಯ ವೇಳೆಗೆ ಕಿವಿಗಳು ತಿಳಿಯಾಗಿದ್ದವು. ಕೆಲವೇ ವಾರಗಳ ಬಳಿಕ ಒಂದು ಸಂಜೆ ಮಗಳು ನನ್ನ ಮುಂದೆ ಬಂದು, "ನಾನ್ನಾ, ಪಾಲು" ಎಂದಳು. ಅವಳ ಬಾಯಿಂದ ಬಂದ ಮೊದಲ ಜೋಡಿಪದ! ತೆಲುಗಿನಲ್ಲಿ ಪಾಲು ಎಂದರೆ ಹಾಲು. ಆದರೆ ಅಜ್ಜಿಯ ಕಿವಿಗೆ ಅದು ಅಚ್ಚ ಕನ್ನಡವಾಗಿಯೇ ಕೇಳಿಸಿತು. "ನೋಡಪ್ಪ, 'ನನ್ನ ಪಾಲು' ಅಂತ ಈಗಲೇ ಕೇಳುತ್ತಿದ್ದಾಳೆ. ಕೊಟ್ಟುಬಿಡು!" ಎಂದು ನಕ್ಕರು. ಅನೇಕ ತಿಂಗಳ ಮೇಲೆ ಕೇಳಿದ ಅವರ ನಗೆ ಅದು.

ಪಾಲಕರ ಗಮನಕ್ಕೆ

ಹುಟ್ಟಿದ ಮಗುವಿನ ಶ್ರವಣಪರೀಕ್ಷೆ ಮೊದಲ ತಿಂಗಳೊಳಗೇ ಆಗುವುದು ಲೇಸು. ಒಂದೂವರೆ ವರ್ಷಕ್ಕೆ ಬಿಡಿಪದಗಳೂ ಎರಡು ವರ್ಷಕ್ಕೆ ಜೋಡಿಪದಗಳೂ ಬಾರದಿದ್ದರೆ, ಕರೆದಾಗ ತಿರುಗದಿದ್ದರೆ, ಟಿ.ವಿ.ಯ ಸದ್ದನ್ನು ಪದೇಪದೇ ಏರಿಸುತ್ತಿದ್ದರೆ ಕಿವಿಯನ್ನು ಪರೀಕ್ಷೆ ಮಾಡಿಸಿರಿ. ಕಿವಿಗೆ ಕಾಯಿಸಿದ ಎಣ್ಣೆ ಬಿಡುವುದು, ಕಡ್ಡಿ ಹಾಕುವುದು ಸಲ್ಲದು. ಮನೆಮಾತನ್ನಂತೂ ಬಿಡಬೇಡಿರಿ.

2017ರಲ್ಲಿ ವಿಜಯವಾಡಕ್ಕೆ ವರ್ಗವಾಯಿತು. ಪ್ರಕಾಶಂ ಬ್ಯಾರೇಜಿನ ಬಳಿ ನಿಂತು, ಈ ಕೃಷ್ಣೆ ನಮ್ಮ ಆಲಮಟ್ಟಿಯನ್ನು ಹಾದು ಬಂದವಳೆಂದು ಅಜ್ಜಿ ಮೊಮ್ಮಗಳಿಗೆ ಹೇಳುತ್ತಿದ್ದರು. ಈಗ ಹೈಸ್ಕೂಲಿನಲ್ಲಿರುವ ಮಗಳು ಗೆಳತಿಯರೊಡನೆ ತೆಲುಗನ್ನೂ ಮನೆಯಲ್ಲಿ ಕನ್ನಡವನ್ನೂ ಸರಾಗವಾಗಿ ಆಡುತ್ತಾಳೆ. ತಾಯಿಯವರು ಇಂದು ನಮ್ಮೊಡನಿಲ್ಲ. ಅವರ ಕಥೆಗಳನ್ನು ಮಗಳು ಅವರದೇ ಧಾಟಿಯಲ್ಲಿ ಹೇಳುವಾಗ, ಅವಳ ಪಾಲು ಅವಳಿಗೆ ಸಂದಿತೆಂಬ ಸಮಾಧಾನ ನನಗಿದೆ. ಆದರೆ ಅವರನ್ನು ಮೌನದಲ್ಲಿರಿಸಿದ ಆ ಮೂರು ತಿಂಗಳ ಬಾಕಿ ಮಾತ್ರ ನನ್ನ ಲೆಕ್ಕದಲ್ಲಿ ಹಾಗೆಯೇ ಉಳಿದಿದೆ.